ಮನೆಗೊಂದು ಎಲೆಕ್ಟ್ರಿಕ್ ಸ್ಕ್ರೂಡ್ರೈವರ್: ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ

ನೆಂಟರೊಬ್ಬರು ಹೊಸ ಕಪಾಟು ಜೋಡಿಸೋಣ ಬಾ ಅಂತ ಕರೆದಿದ್ದರು. ನಾನು ಹೋಗುವಷ್ಟರಲ್ಲಿ ಅರ್ಧ ಮುಗಿಸಿದ್ದರು, ಅಂದರೆ ಅರ್ಧ ಕೆಡಿಸಿದ್ದರು. ಕೈಯಲ್ಲಿ ಗೋಡೆ ಕೊರೆಯುವ 18 ವೋಲ್ಟಿನ ದೊಡ್ಡ ಡ್ರಿಲ್. ಬಾಗಿಲಿನ ಹಿಂಜ್‌ಗೆ ಸ್ಕ್ರೂ ಬಿಗಿಯುವಾಗ ಟ್ರಿಗರ್ ಬಿಡುವುದು ಅರ್ಧ ಸೆಕೆಂಡ್ ತಡವಾಗಿದೆ, ಅಷ್ಟೇ. ಒಳಗೆ ಪಾರ್ಟಿಕಲ್ ಬೋರ್ಡ್ ಪುಡಿಪುಡಿಯಾಗಿ ಸ್ಕ್ರೂ ಗಿರಗಿರ ತಿರುಗುತ್ತಿತ್ತು, ತೂತಿನ ಬಾಯಿಂದ ಹೊಟ್ಟು ಉದುರುತ್ತಿತ್ತು. "ಪವರ್ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ?" ಅಂತ ನನ್ನನ್ನೇ ಕೇಳಿದರು.

ಅಲ್ಲ. ಹಿಂಜ್, ಹಿಡಿಕೆ, ಸ್ವಿಚ್ ಬೋರ್ಡಿನ ಮುಚ್ಚಳ, ಆಟಿಕೆಯ ಬ್ಯಾಟರಿ ಬಾಗಿಲು, ಇಂಥ ಕೆಲಸಕ್ಕೆ ಬೇಕಿರುವುದು ಸಣ್ಣ ಸ್ಕ್ರೂಡ್ರೈವರ್. ಗೋಡೆ ಕೊರೆಯುವುದೂ ಇದರಲ್ಲೇ ಆಗಲಿ ಅಂತ ಆಸೆಪಟ್ಟರೆ ಎರಡೂ ಕೆಡುತ್ತವೆ. ಅದಕ್ಕೆ ಡ್ರಿಲ್ ಬೇರೆಯೇ ಬೇಕು.

ಹೆಜ್ಜೆ 1: ವೋಲ್ಟ್ ನೋಡಿ, ಆದರೆ ಅಲ್ಲೇ ನಿಲ್ಲಬೇಡಿ

ಮನೆಬಳಕೆಯ ಪುಟ್ಟ ಸ್ಕ್ರೂಡ್ರೈವರ್‌ಗಳಲ್ಲಿ ಬಹುತೇಕ 3.6 ವೋಲ್ಟಿನವು, ಒಳಗಿರುವುದು ಒಂದೇ ಒಂದು ಲಿಥಿಯಂ ಅಯಾನ್ ಸೆಲ್. ಕೆಲವು ಡಬ್ಬಿಗಳ ಮೇಲೆ 4 ವೋಲ್ಟ್ ಅಂತ ಇರುತ್ತದೆ. ಅದೂ ಅದೇ ಸೆಲ್. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್‌ವರೆಗೆ ಹೋಗುತ್ತದಲ್ಲ, ಆ ಲೆಕ್ಕ. ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ.

ಹೆಜ್ಜೆ 2: ತಿರುಚುವ ಬಲ ಮತ್ತು ಕ್ಲಚ್. ಎಲ್ಲರೂ ಎಡವುವುದು ಇಲ್ಲೇ

ಡಬ್ಬಿಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಟಾರ್ಕ್ ಎಷ್ಟು ನ್ಯೂಟನ್ ಮೀಟರ್ ಅಂತ ಬರೆದಿರುತ್ತದೆ. ಸ್ಕ್ರೂವನ್ನು ತಿರುಚುವ ಬಲ ಅದು. 10 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಒಂದು ಕಿಲೋ ತೂಕ ನೇತುಹಾಕಿದರೆ ಎಷ್ಟು ತಿರುಚುತ್ತದೋ ಅದು ಹತ್ತಿರಹತ್ತಿರ 1 ನ್ಯೂಟನ್ ಮೀಟರ್. ಮನೆಗೆ 3ರಿಂದ 5 ಇದ್ದರೆ ಧಾರಾಳ. ಕೆಲವರು ಎರಡು ಅಂಕಿ ಕೊಡುತ್ತಾರೆ, ಗಟ್ಟಿ ವಸ್ತುವಿಗೆ ಒಂದು, ಮೆತ್ತಗಿನದಕ್ಕೆ ಒಂದು. ಜಾಹೀರಾತಿನಲ್ಲಿ ಮೆರೆಯುವುದು ಯಾವಾಗಲೂ ದೊಡ್ಡದೇ. ಮರ, ಪ್ಲೈವುಡ್ ಕೆಲಸಕ್ಕೆ ನೀವು ನೋಡಬೇಕಾದ್ದು ಚಿಕ್ಕದನ್ನು.

ಬಲಕ್ಕಿಂತ ಮುಖ್ಯ ಅದನ್ನು ತಡೆಯುವ ವ್ಯವಸ್ಥೆ. ಮೂತಿಯ ಹತ್ತಿರ 1, 2, 3 ಅಂತ ಅಂಕಿ ಇರುವ ಬಳೆಯೊಂದು ತಿರುಗುತ್ತದೆಯಾ ನೋಡಿ. ಅದೇ ಕ್ಲಚ್. ಇಷ್ಟು ಬಿಗಿಯಾದರೆ ಸಾಕು ಅಂತ ನೀವು ಇಟ್ಟ ಮಟ್ಟ ಬಂದ ತಕ್ಷಣ ಅದು ಕಟಕಟ ಅನ್ನುತ್ತದೆ, ಮೋಟಾರ್ ತಿರುಗುತ್ತಿದ್ದರೂ ಬಿಟ್ (ಮೂತಿಗೆ ಸಿಕ್ಕಿಸುವ, ಸ್ಕ್ರೂ ತಿರುಗಿಸುವ ತುಂಡು) ನಿಂತುಬಿಡುತ್ತದೆ. ನೆಂಟರ ಕಪಾಟು ಉಳಿಯಲು ಬೇಕಿದ್ದದ್ದು ಈ ಕಟಕಟ ಸದ್ದು ಮಾತ್ರ. (ಅವರ ಡ್ರಿಲ್‌ನಲ್ಲೂ ಕ್ಲಚ್ ಇತ್ತು, ಕೊರೆಯುವ ಗುರುತಿನ ಮೇಲೆ ಇಟ್ಟುಕೊಂಡಿದ್ದರು, ಅಲ್ಲಿ ಅದು ತಡೆಯುವುದಿಲ್ಲ.)

ಬಳೆ ಇದೆ ಅಂತ ನಂಬಿಬಿಡಬೇಡಿ. ತೀರಾ ಅಗ್ಗದವುಗಳಲ್ಲಿ ಅಂಕಿ ಇರುತ್ತದೆ, ಕೆಲಸ ಮಾಡುವುದಿಲ್ಲ. ಒಂದು ಹಳೇ ಮರದ ತುಂಡಿಗೆ ಸ್ಕ್ರೂ ಹಾಕಿ ನೋಡಿ. 1ರಲ್ಲಿ ಅರ್ಧಕ್ಕೇ ಕಟಕಟ ಅಂದು ನಿಲ್ಲಬೇಕು. ಒಂದೊಂದೇ ಏರಿಸುತ್ತಾ ಹೋದರೆ ಸ್ಕ್ರೂ ಇನ್ನಷ್ಟು ಇಳಿಯಬೇಕು. 1ಕ್ಕೂ ಕೊನೇ ಅಂಕಿಗೂ ವ್ಯತ್ಯಾಸವೇ ಕಾಣದಿದ್ದರೆ ವಾಪಸ್ ಕೊಟ್ಟುಬಿಡಿ. ಆನ್‌ಲೈನ್‌ನಲ್ಲಿ ತರಿಸಿದ್ದರೆ ಬಂದ ದಿನವೇ ಈ ಪರೀಕ್ಷೆ ಮಾಡಿ. ಎಷ್ಟೋ ಜನ ಡಬ್ಬಿ ಒಡೆಯದೆ ಮೇಲೆ ಎತ್ತಿಟ್ಟು, ವಾಪಸ್ ಮಾಡುವ ಗಡುವು ಮುಗಿದ ಮೇಲೆ ತೆಗೆಯುತ್ತಾರೆ.

ಇದರ ಜೊತೆಗೇ ಇನ್ನೊಂದು. ಸ್ವಿಚ್ ಒತ್ತದೆ, ಮಾಮೂಲಿ ಸ್ಕ್ರೂಡ್ರೈವರ್ ಥರ ಕೈಯಿಂದ ತಿರುಗಿಸಿ ನೋಡಿ. ಕೆಲವದರಲ್ಲಿ ಬಿಟ್ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಕೆಲವದರಲ್ಲಿ ಸುಮ್ನೆ ಜಾರುತ್ತದೆ. ಕಚ್ಚುವುದನ್ನೇ ಕೊಳ್ಳಿ. ಕೊನೆಯ ಕಾಲು ಸುತ್ತು ಕೈಯಿಂದ ಬಿಗಿದರೆ ತಪ್ಪೇ ಆಗುವುದಿಲ್ಲ. ತುಕ್ಕು ಹಿಡಿದ ಸ್ಕ್ರೂ ಬಿಚ್ಚುವಾಗಲೂ ಮೊದಲು ಕೈಯಿಂದ ಅಲುಗಾಡಿಸಿಕೊಂಡು ಆಮೇಲೆ ಮೋಟಾರ್ ಓಡಿಸಬಹುದು.

ಅಂದ ಹಾಗೆ, ನೆಂಟರ ಕಪಾಟಿನ ಆ ಹಾಳಾದ ತೂತಿಗೆ, ಮದ್ದು ಮುರಿದು ತೆಗೆದ ಬೆಂಕಿಕಡ್ಡಿಗಳನ್ನು ಮರದ ಅಂಟು ಹಚ್ಚಿ ತುರುಕಿದೆವು. ಒಂದು ರಾತ್ರಿ ಒಣಗಲು ಬಿಟ್ಟು ಮತ್ತೆ ಸ್ಕ್ರೂ ಹಾಕಿದರೆ ಕಚ್ಚಿಕೊಂಡಿತು.

ಹೆಜ್ಜೆ 3: ಹಿಡಿ

ಕೈಗೆ ಹೊಂದಬೇಕು. ನನ್ನ ಪ್ರಕಾರ ಪಿಸ್ತೂಲಿನ ಹಿಡಿಯದ್ದೇ ಸರಿ, ಅಂಗೈಯಿಂದ ನೇರ ಹಿಂದಿನಿಂದ ಒತ್ತಲು ಆಗುತ್ತದೆ. ಪಿಸ್ತೂಲಾಗಿಯೂ ಕೋಲಾಗಿಯೂ ಮಡಚುವವು ನೋಡಲು ಚೆಂದ. ಆ ಮಡಿಕೆಯೇ ಮೊದಲು ಸಡಿಲವಾಗುವ ಜಾಗ.

ಹೆಜ್ಜೆ 4: ಬಿಟ್

46 ಬಿಟ್, 60 ಬಿಟ್ ಅಂತ ದೊಡ್ಡ ಪೆಟ್ಟಿಗೆ ಕಂಡರೆ ನನಗೆ ಅನುಮಾನ ಶುರು. ದುಡ್ಡೆಲ್ಲ ಮೆತ್ತಗಿನ ಕಬ್ಬಿಣಕ್ಕೆ ಹೋಗಿರುತ್ತದೆ. ಹತ್ತು ಸ್ಕ್ರೂ ಬಿಗಿಯುವಷ್ಟರಲ್ಲಿ ತುದಿಯ ರೆಕ್ಕೆ ದುಂಡಗಾಗಿ ಫಳಫಳ ಹೊಳೆಯುತ್ತದೆ, ಆಮೇಲೆ ಟರ್ರ್ ಅಂತ ಜಾರಿ ಸ್ಕ್ರೂ ತಲೆಯನ್ನೂ ಕೆರೆಯುತ್ತದೆ. ಬೇರೆಯಾಗಿ ಎರಡು ಒಳ್ಳೆಯ ಬಿಟ್ ತಂದಿಡಿ. ಬುಡ ಆರು ಮೂಲೆಯ ಕಾಲು ಇಂಚಿನದು, ಅಂದರೆ 6.35 ಮಿಲಿಮೀಟರ್ ಇರಲಿ, ಎಲ್ಲಿ ಹೋದರೂ ಸಿಗುತ್ತದೆ. ಪೆನ್ನಿನಂಥ ತೆಳು ಸ್ಕ್ರೂಡ್ರೈವರ್‌ಗಳಿಗೆ ಹೆಚ್ಚಾಗಿ 4 ಮಿಲಿಮೀಟರ್ ಬುಡದವು ಬೇಕು, ಅವು ಮೊಬೈಲ್, ಕನ್ನಡಕ ಬಿಚ್ಚಲು. ಕಪಾಟಿಗಲ್ಲ.

ನಾವು ಸ್ಟಾರ್ ಅನ್ನುವ ತಲೆಯಲ್ಲೂ ಎರಡು ಜಾತಿ. ಬರೀ ಕೂಡು ಚಿಹ್ನೆಯಂತಿದ್ದರೆ ಫಿಲಿಪ್ಸ್, ಬಿಟ್ ಮೇಲೆ ಪಿಎಚ್ ಅಂತಿರುತ್ತದೆ. ಆ ಕೂಡು ಚಿಹ್ನೆಯ ನಾಲ್ಕು ಸಂದಿನಲ್ಲೂ ತೆಳುವಾದ ಗೆರೆ ಇದ್ದರೆ ಪೋಜಿಡ್ರಿವ್, ಅದಕ್ಕೆ ಪಿಜೆಡ್. ಜೋಡಿಸಿಕೊಳ್ಳುವ ಪೀಠೋಪಕರಣಗಳಲ್ಲಿ ಪಿಜೆಡ್ 2 ತುಂಬಾ ಬರುತ್ತದೆ. ಅದಕ್ಕೆ ಪಿಎಚ್ ಬಿಟ್ ಹಾಕಿದರೆ ಕೂತಂತೆಯೇ ಕಾಣುತ್ತದೆ, ಆದರೆ ಅಲುಗಾಡುತ್ತಿರುತ್ತದೆ. ಬಿಟ್ ಅನ್ನು ಸ್ಕ್ರೂಗೆ ಸಿಕ್ಕಿಸಿ ಬೆರಳಲ್ಲಿ ಅಲ್ಲಾಡಿಸಿ. ಆಟ ಇದ್ದರೆ ಬದಲಾಯಿಸಿ.

ಹೆಜ್ಜೆ 5: ಚಾರ್ಜಿಂಗ್

ಯುಎಸ್‌ಬಿ ಟೈಪ್-ಸಿ ಕಿಂಡಿ ಇರುವುದನ್ನು ತೆಗೆದುಕೊಳ್ಳಿ. ಒಂದು ತಮಾಷೆ ಇದೆ. ಕೆಲವು ಅಗ್ಗದವಕ್ಕೆ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಚಾರ್ಜೇ ಆಗುವುದಿಲ್ಲ, ಒಳಗೆ ಇರಬೇಕಾದ ಪೈಸೆ ಬೆಲೆಯ ಎರಡು ಬಿಡಿಭಾಗ (ರೆಸಿಸ್ಟರ್) ಹಾಕದೆ ದುಡ್ಡು ಉಳಿಸಿರುತ್ತಾರೆ. ಸತ್ತೇ ಹೋಯಿತು ಅಂತ ಎಸೆಯುವ ಮುಂಚೆ ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡಿ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಹಳೇ ಸ್ಟಾಕ್ ಸಿಕ್ಕರೆ ಬಿಟ್ಟಿ ಕೊಟ್ಟರೂ ಬೇಡ. ಸುಮ್ಮನೆ ಇಟ್ಟರೂ ಚಾರ್ಜ್ ಸೋರಿ, ಬೇಕಾದ ದಿನ ಅದು ಖಾಲಿ ಇರುತ್ತದೆ.

ಹೆಜ್ಜೆ 6: ಮೊದಲ ಸ್ಕ್ರೂ

ಗಟ್ಟಿ ಮರಕ್ಕೆ ನೇರ ತಿರುಗಿಸಬೇಡಿ, ಪುಟ್ಟ ಮೋಟಾರ್ ಏದುಸಿರು ಬಿಡುತ್ತದೆ. ಮೊದಲೇ ಸಣ್ಣ ತೂತು ಕೊರೆದುಕೊಳ್ಳಿ. ಮೆತ್ತನೆ ಮರಕ್ಕೂ 4 ಮಿಲಿಮೀಟರ್ ಸ್ಕ್ರೂ ಹಾಕುವುದಾದರೆ 2.5ರ ತೂತು ಕೊರೆದರೆ ಮರ ಸೀಳುವುದಿಲ್ಲ. ಸ್ಕ್ರೂಗೆ ಒಂಚೂರು ಮೇಣದಬತ್ತಿ ಉಜ್ಜಿ. ಕ್ಲಚ್ 1ರಿಂದ ಶುರು.

ಸ್ವಿಚ್ ಬೋರ್ಡ್ ಬಿಚ್ಚುವುದಿದ್ದರೆ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ. ಹಿಡಿ ಪ್ಲಾಸ್ಟಿಕ್ ಅಲ್ವಾ ಅನ್ನಬೇಡಿ. ಕರೆಂಟ್ ತಡೆಯುತ್ತದೆ ಅಂತ ಪರೀಕ್ಷೆ ಮಾಡಿದ ಹಿಡಿ ಅಲ್ಲ ಅದು.

ಕೆಲಸ ಮುಗಿದ ಮೇಲೆ ಅರ್ಧಕ್ಕಿಂತ ತುಸು ಹೆಚ್ಚು ಚಾರ್ಜ್ ಇರುವಾಗ ಎತ್ತಿಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ನೋಡಿ. ಟ್ರಿಗರ್ ಯಾವುದಕ್ಕೂ ಒತ್ತಿಕೊಳ್ಳದ ಜಾಗದಲ್ಲಿ ಇಡಿ. ನನ್ನದು ಒಮ್ಮೆ ಡ್ರಾಯರ್‌ನಲ್ಲಿ ಇಕ್ಕಳಕ್ಕೆ ಒತ್ತಿಕೊಂಡು ಬ್ಯಾಟರಿ ಮುಗಿಯುವ ತನಕ ತಾನೇ ತಿರುಗುತ್ತಾ ಬಿದ್ದಿತ್ತು.