ಡಿಜಿಬೀಟಾ ಟೇಪ್ ವಾಪಸ್ ಬಂದ್ಮೇಲೆ ನಾನು ಬದಲಾಯಿಸ್ಕೊಂಡಿದ್ದು

ಕಾರ್ಯಕ್ರಮಗಳನ್ನ ಚಾನೆಲ್‌ಗೆ ಟೇಪ್‌ನಲ್ಲೇ ಕೊಡ್ತಿದ್ದ ಕಾಲ ಅದು. ನಾನು ಮೊದಲ್ನೇ ಸಲ ಕಳಿಸಿದ ಡಿಜಿಬೀಟಾ ಟೇಪ್ (ಪ್ರಸಾರಕ್ಕೆ ಬಳಸ್ತಿದ್ದ ಡಿಜಿಟಲ್ ವಿಡಿಯೋ ಕ್ಯಾಸೆಟ್) ಕ್ಯೂಸಿ, ಅಂದ್ರೆ ಗುಣಮಟ್ಟದ ಪರೀಕ್ಷೆ, ಪಾಸ್ ಆಗದೆ ವಾಪಸ್ ಬಂತು. ಜೊತೇಲಿದ್ದ ಹಾಳೇಲಿ ಎರಡೇ ಸಾಲು, ಟೈಟಲ್‌ನಲ್ಲಿ ಬಿಳಿ ಲೆವೆಲ್ ಮೀರಿದೆ, ಮಧ್ಯದಲ್ಲಿ ಟೈಮ್‌ಕೋಡ್ (ಪ್ರತಿ ಫ್ರೇಮ್‌ಗೂ ಇರೋ ಗಂಟೆ:ನಿಮಿಷ:ಸೆಕೆಂಡ್:ಫ್ರೇಮ್ ನಂಬರ್) ಬ್ರೇಕ್ ಆಗಿದೆ. ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್‌ನಲ್ಲಿ ಎಲ್ಲಾ ಸರಿಯಾಗೇ ಕಾಣ್ತಿತ್ತು, ಆದ್ರೆ ಅವರ ಕೈಗೆ ಹೋಗ್ತಿದ್ದದ್ದು ಟೈಮ್‌ಲೈನ್ ಅಲ್ಲ, ಟೇಪ್.

ಟೈಮ್‌ಕೋಡ್ ತಪ್ಪು ನಂದೇ. ಅಸೆಂಬಲ್ ಮೋಡ್‌ನಲ್ಲಿ (ಚಿತ್ರ, ಧ್ವನಿ, ಟೈಮ್‌ಕೋಡ್ ಎಲ್ಲಾ ಒಟ್ಟಿಗೆ ಹೊಸದಾಗಿ ಬರೆಯೋ ರೀತಿ) ಎರಡು ಭಾಗವಾಗಿ ರೆಕಾರ್ಡ್ ಮಾಡಿದ್ದೆ, ಎರಡ್ನೇದು ಶುರುವಾದ ಜಾಗದಲ್ಲೇ ನಂಬರ್ ಹಾರಿತ್ತು. ಅದಾದ್ಮೇಲೆ ಹೊಸ ಟೇಪ್ ತಗೊಂಡ್ರೆ ಮೊದ್ಲು ಡೆಕ್‌ನಲ್ಲಿ (ಟೇಪ್ ರೆಕಾರ್ಡ್ ಮಾಡೋ ಯಂತ್ರ) ಟೈಮ್‌ಕೋಡ್ 09:57:00:00ಕ್ಕೆ ಪ್ರಿಸೆಟ್ ಮಾಡಿ, ಕೊನೇವರೆಗೂ ಬರೀ ಬ್ಲ್ಯಾಕ್ (ಕಪ್ಪು ಚಿತ್ರ) ರೆಕಾರ್ಡ್ ಮಾಡಿಬಿಡ್ತಿದ್ದೆ. ಟೇಪ್ ಎಷ್ಟು ಉದ್ದವೋ ಅಷ್ಟು ಹೊತ್ತು ಹಿಡೀತಿತ್ತು, ಬೇಜಾರಿನ ಕೆಲಸ, ಆದ್ರೆ ಆಮೇಲೆ ಎಲ್ಲಾ ಇನ್ಸರ್ಟ್ ಮೋಡ್‌ನಲ್ಲಿ (ಟೈಮ್‌ಕೋಡ್ ಮುಟ್ಟದೆ ಬೇಕಾದ ಚಿತ್ರ, ಧ್ವನಿಯನ್ನಷ್ಟೇ ಬರೆಯೋ ರೀತಿ) ಹಾಕ್ಬಹುದಿತ್ತು, ಒಂದು ಶಾಟ್ ತಪ್ಪಿದ್ರೆ ಅಷ್ಟನ್ನೇ ಮತ್ತೆ ಹಾಕಿದ್ರಾಗ್ತಿತ್ತು, ಟೇಪ್ ಓಟವನ್ನ ಹಿಡಿತದಲ್ಲಿಡೋ ಕಂಟ್ರೋಲ್ ಟ್ರ್ಯಾಕ್ ಎಲ್ಲೂ ಕಡೀತಿರಲಿಲ್ಲ. ಡೆಕ್‌ಗೂ ಕಂಪ್ಯೂಟರ್‌ನ ವಿಡಿಯೋ ಕಾರ್ಡ್‌ಗೂ ಒಂದೇ ರೆಫರೆನ್ಸ್ ಸಿಗ್ನಲ್ (ಎರಡನ್ನೂ ಒಂದೇ ತಾಳದಲ್ಲಿ ನಡೆಸೋದು) ಕೊಟ್ಟಿರ್ಬೇಕಿತ್ತು, ಇಲ್ಲಾಂದ್ರೆ ಎಡಿಟ್ ಒಂದು ಫ್ರೇಮ್ ಆಚೀಚೆ ಬೀಳ್ತಿತ್ತು.

ಚಾನೆಲ್ ನನಗೆ ಕೊಟ್ಟಿದ್ದ ಸ್ಪೆಕ್ (ತಾಂತ್ರಿಕ ನಿಯಮಗಳು) ಪ್ರಕಾರ 09:58:30ಕ್ಕೆ ಬಣ್ಣ ಮತ್ತು ಧ್ವನಿ ಅಳೆಯೋಕೆ ಕಲರ್ ಬಾರ್ ಮತ್ತು ಟೋನ್, 09:59:30ಕ್ಕೆ ಕಾರ್ಯಕ್ರಮಕ್ಕೆ ಎಣಿಕೆ ತೋರಿಸೋ ಕ್ಲಾಕ್, 09:59:57ಕ್ಕೆ ಬ್ಲ್ಯಾಕ್, ಕಾರ್ಯಕ್ರಮದ ಮೊದಲ್ನೇ ಫ್ರೇಮ್ ಸರಿಯಾಗಿ 10:00:00:00ಕ್ಕೆ. ಟೋನ್ 1 ಕಿಲೋಹರ್ಟ್ಸ್, ಮೈನಸ್ 18 ಡಿಬಿಎಫ್‌ಎಸ್ (ಸೊನ್ನೆಯೇ ಗರಿಷ್ಠವಾದ ಡಿಜಿಟಲ್ ಧ್ವನಿಯ ಅಳತೆ), ಮಿಕ್ಸ್‌ನ ಪೀಕ್ ಮೈನಸ್ 10 ದಾಟಬಾರದಿತ್ತು. ಟ್ರ್ಯಾಕ್ 1, 2ರಲ್ಲಿ ಪೂರ್ತಿ ಮಿಕ್ಸ್, 3, 4ರಲ್ಲಿ ಮಾತಿಲ್ಲದ ಮ್ಯೂಸಿಕ್ ಮತ್ತು ಎಫೆಕ್ಟ್ಸ್.

ಲೆವೆಲ್ ವಿಷಯ ನನ್ನ ಜಾಸ್ತಿ ಸತಾಯಿಸ್ತು. 8 ಬಿಟ್ ವಿಡಿಯೋದಲ್ಲಿ (0ಯಿಂದ 255ರವರೆಗಿನ ಅಳತೆ) ಕಪ್ಪು 16, ಬಿಳಿ 235, ಚಿತ್ರದ ಹೊಳಪು ಅಳೆಯೋ ವೇವ್‌ಫಾರ್ಮ್ ಸ್ಕೋಪ್‌ನಲ್ಲಿ ಆ ಬಿಳಿ 700 ಮಿಲಿವೋಲ್ಟ್. ಕ್ಯಾಮೆರಾ ಶಾಟ್‌ಗಳನ್ನ ನಾನು ಒಂದೊಂದಾಗಿ ಗ್ರೇಡ್ ಮಾಡಿದ್ದೆ (ಬಣ್ಣ, ಹೊಳಪು ಸರಿಪಡಿಸೋದು), ಅವೆಲ್ಲಾ ಸರಿಯಾಗಿದ್ವು. ಆದ್ರೆ ಟೈಟಲ್ ಕಂಪ್ಯೂಟರ್ ಗ್ರಾಫಿಕ್ಸ್, ಅದರ ಬಿಳಿ 255, ಇಂಪೋರ್ಟ್ ಮಾಡುವಾಗ ಲೆವೆಲ್ ಆಯ್ಕೆ ತಪ್ಪಾಗಿ ಅದು ಕುಗ್ಗದೆ ಹಾಗೇ ಒಳಗೆ ಬಂದಿತ್ತು, ಸ್ಕೋಪ್‌ನಲ್ಲಿ ಸುಮಾರು 764 ಮಿಲಿವೋಲ್ಟ್. ಮೇಲಿಂದ ಲಿಮಿಟರ್ (ಮಿತಿ ಮೀರಿದ ಲೆವೆಲನ್ನ ಕತ್ತರಿಸೋದು) ಹಾಕಿದ್ರೆ ಸಾಕಲ್ವಾ ಅಂತ ಕೇಳ್ತಾರೆ. ಹಾಕಿದ್ರೆ ಹೊಳಪಿನ ಭಾಗದಲ್ಲಿದ್ದ ವಿವರಗಳೆಲ್ಲ ಒಂದೇ ಬಿಳಿಯಾಗಿ ಚಪ್ಪಟೆ ಆಗುತ್ತೆ, ಅದಕ್ಕೆ ನಾನು ಮೊದ್ಲು ಗ್ರಾಫಿಕ್ಸ್‌ನ ಸರಿಯಾದ ಆಯ್ಕೇಲಿ ಮತ್ತೆ ಇಂಪೋರ್ಟ್ ಮಾಡ್ತೀನಿ, ಲಿಮಿಟರ್ ಕೊನೇಗೆ, ಕೈತಪ್ಪಿ ಉಳಿದಿದ್ದನ್ನ ಹಿಡಿಯೋಕೆ ಮಾತ್ರ.

ಫೀಲ್ಡ್ ಆರ್ಡರ್ ಕೂಡ ನೋಡ್ಕೋಬೇಕಿತ್ತು. ಒಂದೊಂದು ಫ್ರೇಮೂ ಒಂದು ಬಿಟ್ಟು ಒಂದು ಗೆರೆಗಳ ಎರಡು ಫೀಲ್ಡ್ ಆಗಿರುತ್ತೆ, ಯಾವುದು ಮೊದ್ಲು ಅನ್ನೋದೇ ಈ ಆರ್ಡರ್. ಸಣ್ಣ ಡಿವಿ ಕ್ಯಾಮೆರಾ ಫೂಟೇಜ್‌ನಲ್ಲಿ ಕೆಳಗಿನ ಫೀಲ್ಡ್ ಮೊದ್ಲು, ಪಾಲ್ (ನಮ್ಮ ಕಡೆ ಬಳಸ್ತಿದ್ದ ಟಿವಿ ಪದ್ಧತಿ) ಡಿಜಿಬೀಟಾದಲ್ಲಿ ಮೇಲಿನದು ಮೊದ್ಲು. ತಿರುಗುಮುರುಗಾದ್ರೆ ಪ್ಯಾನ್ ಶಾಟ್ ಎಲ್ಲಾ ನಡುಗುತ್ತೆ, ಕಂಪ್ಯೂಟರ್ ಪರದೆ ಮೇಲೆ ಅದು ಗೊತ್ತೇ ಆಗಲ್ಲ, ಹಳೇ ಟ್ಯೂಬ್ ಟಿವಿ ತರದ ಸಿಆರ್‌ಟಿ ಮಾನಿಟರ್‌ನಲ್ಲೇ ನೋಡ್ಬೇಕಿತ್ತು.

ಎರಡ್ನೇ ಸಲ ಔಟ್‌ಪುಟ್ ಮಾಡಿದ್ಮೇಲೆ ಟೇಪನ್ನ ಹಿಂದಕ್ಕೆ ಸುತ್ತಿ, ಬಾರ್‌ನಿಂದ ಹಿಡಿದು ಕೊನೇ ಬ್ಲ್ಯಾಕ್‌ವರೆಗೂ ನಿಲ್ಲಿಸದೆ, ಒಂದು ಕಣ್ಣು ಚಿತ್ರದ ಮೇಲೆ, ಒಂದು ಕಣ್ಣು ಸ್ಕೋಪ್ ಮೇಲೆ ಇಟ್ಕೊಂಡು ನೋಡ್ದೆ. ಹನ್ನೊಂದನೇ ನಿಮಿಷದಲ್ಲಿ ಎರಡು ಶಾಟ್ ಮಧ್ಯೆ ಒಂದೇ ಒಂದು ಖಾಲಿ ಫ್ರೇಮ್ ಸಿಕ್ತು, ಟೈಮ್‌ಲೈನ್‌ನಲ್ಲಿ ಇಷ್ಟು ದಿನ ಕಾಣದೇ ಇದ್ದದ್ದು. ಆ ಶಾಟ್ ಸರಿಮಾಡಿ ಇನ್ಸರ್ಟ್ ಮಾಡಿ, ಆ ಜಾಗದ ಹಿಂದೆ ಮುಂದೆ ಮತ್ತೆ ನೋಡಿ, ಆಮೇಲೆ ಮತ್ತೆ ರೆಕಾರ್ಡ್ ಆಗದ ಹಾಗೆ ಕ್ಯಾಸೆಟ್‌ನ ಕೆಂಪು ಟ್ಯಾಬ್ ಒತ್ತಿ ಡಬ್ಬಿಗೆ ಹಾಕ್ದೆ.