ಪತ್ತನಾಜೆಯೊಳಗೆ ಕಂತು ಮುಗಿಯಬೇಕು: ಬೀದಿ ವ್ಯಾಪಾರಿಗಳ ಜೊತೆ ನನ್ನ ಅನುಭವ

ಮಂಗಳೂರಿನ ಬೀದಿ ವ್ಯಾಪಾರಿಗೆ ಸಾಲ ಹುಟ್ಟುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬೆಳಕು ಹರಿಯುವ ಮೊದಲು ಮೀನಿನ ದೋಣಿ ನಿಲ್ಲುವ ದಕ್ಕೆಗೋ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಆಚೀಚೆಗೋ ಹೋಗಿ ನೋಡಿ, ಸಾಲ ಬೈಕಿನಲ್ಲಿ ಕುಳಿತು ಬರುತ್ತದೆ. ಅರ್ಜಿ ಇಲ್ಲ, ಆಧಾರ್ ಇಲ್ಲ, ಜಾಮೀನು ಇಲ್ಲ. ಬೆಳಿಗ್ಗೆ ಕೈಗೆ ₹900, ಸಂಜೆ ವಾಪಸ್ ₹1,000. ತಿಂಗಳಲ್ಲಿ ಇಪ್ಪತ್ತೈದು ದಿನ ವ್ಯಾಪಾರ ನಡೆದರೆ ₹900ರ ಬಂಡವಾಳಕ್ಕೆ ₹2,500 ಬಡ್ಡಿ. ಮೀಟರ್ ಬಡ್ಡಿ ಎನ್ನುವುದು ಇದಕ್ಕೇ. ಆದರೂ ಜನ ಸಾಲ ಕೊಡುವ ಆ ಬೈಕಿನವನನ್ನು ಬೈಯುವುದು ಕಡಿಮೆ. ಅವನು ಗಾಡಿಯ ಹತ್ತಿರ ಬರುತ್ತಾನೆ, ಬೇಕಾದ ಹೊತ್ತಿಗೆ ಬರುತ್ತಾನೆ, ಮಳೆ ಬಂದ ದಿನ ‘ನಾಳೆ ಕೊಡಿ’ ಎನ್ನುತ್ತಾನೆ. ಬ್ಯಾಂಕು ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ.

ನಾನು ಬ್ಯಾಂಕಿನಲ್ಲಿದ್ದವ. ನಿವೃತ್ತಿಯ ನಂತರ ಊರಿನ ಒಂದು ಸಣ್ಣ ಟ್ರಸ್ಟಿನವರು ‘ನೀವು ಹೇಗೂ ಮನೆಯಲ್ಲೇ ಇದ್ದೀರಲ್ಲ ಸರ್’ ಎಂದು ಎಳೆದುಕೊಂಡು ಹೋದರು. ಬೆಂಗ್ರೆ, ಬಂದರು, ಕುದ್ರೋಳಿ, ಜೆಪ್ಪು, ಕೂಳೂರು ಕಡೆಯ ಸಣ್ಣ ಸಣ್ಣ ವ್ಯಾಪಾರಿಗಳಿಗೆ ಕಾಗದಪತ್ರ, ಸಾಲ, ಲೆಕ್ಕ ಇಷ್ಟರಲ್ಲಿ ನೆರವಾಗುವುದು ಕೆಲಸ. ಬುಟ್ಟಿ ಹೊತ್ತು ಮೀನು ಮಾರುವವರು, ಚರುಮುರಿ ಗಾಡಿಯವರು, ಬನ್ಸ್-ಗೋಳಿಬಜೆಯವರು, ಮಲ್ಲಿಗೆ ಮಾರುವವರು, ಬೀಡಿಯ ಸಂಪಾದನೆ ಸಾಲದೆ ಮನೆಯಲ್ಲೇ ತಿಂಡಿ ಮಾಡಿ ಅಂಗಡಿಗಳಿಗೆ ಹಾಕುವ ಹೆಂಗಸರು ನಮ್ಮ ಜನ.

ಟ್ರಸ್ಟಿನವರ ಮನಸ್ಸಿನಲ್ಲಿದ್ದದ್ದು ತರಬೇತಿ: ಮಾರ್ಕೆಟಿಂಗ್, ಬ್ರಾಂಡಿಂಗ್, ಪ್ರೊಜೆಕ್ಟರು, ಮಧ್ಯಾಹ್ನದ ಊಟ. ಇಪ್ಪತ್ತು ವರ್ಷ ಒಂದೇ ಮೂಲೆಯಲ್ಲಿ ನಿಂತು ಮಾರಿದವರಿಗೆ ಮಾರುವುದನ್ನು ಕಲಿಸಲು ನನಗಂತೂ ಧೈರ್ಯ ಬರಲಿಲ್ಲ. ಅವರಿಗೆ ಬೇಕಿದ್ದದ್ದು ಆ ಬೈಕಿನವನ ಬದಲಿಗೆ ಬೇರೊಂದು ವ್ಯವಸ್ಥೆ.

2018ರಲ್ಲಿ ರಾಜ್ಯ ಸರಕಾರ ‘ಬಡವರ ಬಂಧು’ ಎಂದು ಬಡ್ಡಿಯಿಲ್ಲದ ಸಾಲ ತಂದದ್ದು ಇದೇ ಮೀಟರ್ ಬಡ್ಡಿಯನ್ನು ತಪ್ಪಿಸಲಿಕ್ಕೆ. ಲಾಕ್‌ಡೌನ್ ಆದ ಮೇಲೆ, 2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆಂದೇ ಕೇಂದ್ರದ ಸಾಲ ಯೋಜನೆ ಪಿಎಂ ಸ್ವನಿಧಿ ಬಂತು. ಮೊದಲು ₹10,000, ತೀರಿಸಿದರೆ ₹20,000, ಆಮೇಲೆ ₹50,000. 2025ರಲ್ಲಿ ಮೊದಲ ಎರಡು ಮೆಟ್ಟಿಲನ್ನು ₹15,000 ಮತ್ತು ₹25,000ಕ್ಕೆ ಏರಿಸಿದರು. ಮೊದಲ ಸಾಲಕ್ಕೆ ಒಂದು ವರ್ಷ, ತಿಂಗಳ ಕಂತು. ಹೊತ್ತಿಗೆ ಸರಿಯಾಗಿ ಕಟ್ಟಿದವರ ಖಾತೆಗೆ ಶೇಕಡಾ 7ರ ಬಡ್ಡಿ ಸಹಾಯಧನ ವಾಪಸ್ ಬರುತ್ತದೆ. ₹10,000ಕ್ಕೆ ಶೇ. 12ರ ಬಡ್ಡಿ ಹಿಡಿದರೂ ಕಂತು ₹890ರ ಒಳಗೆ, ಇಡೀ ವರ್ಷದ ಬಡ್ಡಿ ₹700 ದಾಟುವುದಿಲ್ಲ. ಬೈಕಿನವನಿಗೆ ಒಂದು ವಾರದಲ್ಲಿ ಹೋಗುವ ದುಡ್ಡು ಅದು.

ಇಷ್ಟು ಚೆಂದದ ಸಾಲ ತೆಗೆದುಕೊಂಡವರೂ ಕಂತು ತಪ್ಪುತ್ತಿದ್ದರು. ಏಕೆ ಎಂದು ತಿಳಿಯಲು ಖಾತೆಗಳ ಪಟ್ಟಿಯನ್ನು ನೋಡಿದರೆ ಸಾಕಿತ್ತು. ತಪ್ಪಿದ ಕಂತುಗಳೆಲ್ಲ ಹೆಚ್ಚುಕಡಿಮೆ ಜೂನ್, ಜುಲೈ, ಆಗಸ್ಟಿನವು.

ಕರಾವಳಿಯ ಬೀದಿ ವ್ಯಾಪಾರಕ್ಕೆ ಅದರದ್ದೇ ಪಂಚಾಂಗ ಉಂಟು. ನವರಾತ್ರಿಗೆ ಮಂಗಳಾದೇವಿ, ಕುದ್ರೋಳಿ. ಜನವರಿಯಲ್ಲಿ ಕದ್ರಿ ಜಾತ್ರೆ, ರಥಸಪ್ತಮಿಗೆ ಕೊಡಿಯಾಲ್ ತೇರು. ನಡುವೆ ಕೋಲ, ನೇಮ, ಯಕ್ಷಗಾನ, ಚರ್ಚಿನ ಹಬ್ಬ, ಉರೂಸ್. ಇವೆಲ್ಲದರ ಋತು ಮುಗಿಯುವ ದಿನ ಮೇ ಕೊನೆಯ ಪತ್ತನಾಜೆ; ಅಂದು ಭೂತಸ್ಥಾನದ ಬಾಗಿಲು ಹಾಕಿ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರೆ ಗಾಡಿಯವರ ಸುಗ್ಗಿಯೂ ಮುಗಿಯಿತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದಕ್ಕೆಯೇ ಮಲಗಿದ ಮೇಲೆ ಅದನ್ನು ನಂಬಿದ ಮೀನಿನವರು, ಐಸಿನವರು, ಚಾದವರು ಎಲ್ಲರೂ ಕೂತಲ್ಲೇ. ಅದೇ ಹೊತ್ತಿಗೆ ಮಕ್ಕಳ ಶಾಲೆ ಶುರು, ಮಾಡಿನ ಹೆಂಚು ಸೋರುವುದೂ ಶುರು. ಏಪ್ರಿಲ್‌ನಲ್ಲಿ ಶಿಬಿರ ಮಾಡಿ ಮೇ ತಿಂಗಳಿಗೆ ಸಾಲ ಬಿಡುಗಡೆ ಮಾಡಿಸಿದರೆ, ಆ ದುಡ್ಡು ಅಡುಗೆಮನೆಗೆ ಹೋಗದೆ ಇನ್ನೆಲ್ಲಿಗೆ ಹೋದೀತು?

ಹಾಗಾಗಿ ನಾವು ಮಾಡಿದ್ದು ಇಷ್ಟೇ: ಅರ್ಜಿಯ ಕೆಲಸವನ್ನು ಮಳೆಗಾಲದಲ್ಲಿ ಮುಗಿಸುವುದು, ಸಾಲ ಚೌತಿ ಕಳೆದ ಮೇಲೆ ಕೈಗೆ ಬರುವ ಹಾಗೆ ನೋಡಿಕೊಳ್ಳುವುದು. ಸೆಪ್ಟೆಂಬರ್‌ನಲ್ಲಿ ಸಾಲ ಸಿಕ್ಕಿದರೆ ಅಕ್ಟೋಬರ್‌ನಿಂದ ಮೇ ತನಕ ಎಂಟು ತಿಂಗಳು. ತಿಂಗಳಿಗೆ ಒಂದೂವರೆ ಕಂತಿನ ಹಾಗೆ ಕಟ್ಟಿದರೆ ವರ್ಷದ ಸಾಲ ಪತ್ತನಾಜೆಯೊಳಗೆ ಚುಕ್ತಾ. ಅವಧಿಗೆ ಮೊದಲೇ ತೀರಿಸಿದರೆ ಈ ಯೋಜನೆಯಲ್ಲಿ ದಂಡ ಇಲ್ಲ, ಮುಂದಿನ ಮೆಟ್ಟಿಲಿನ ಸಾಲಕ್ಕೆ ಬೇಗ ಅರ್ಹರಾಗುತ್ತಾರೆ. ಒಂದು ಎಚ್ಚರಿಕೆ: ಹೆಚ್ಚಿಗೆ ಕಟ್ಟಿದ ಹಣ ಮುಂದಿನ ಕಂತಿಗೆ ಮುಂಗಡವಾಗಿ ಕೂರುತ್ತದೋ ಅಸಲಿಗೆ ಹೋಗುತ್ತದೋ ಎಂದು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕು. ಅಸಲಿಗೆ ಹೋದರೆ ಬರುವ ತಿಂಗಳ ಕಂತು ಮತ್ತೆ ಎದುರು ಬಂದು ನಿಲ್ಲಬಹುದು.

ಕಂತಿನ ದುಡ್ಡು ಒಟ್ಟಾಗುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಉಂಟು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಉಡುಪಿಯಲ್ಲಿ ಪಿಗ್ಮಿ ಎಂಬ ದಿನದಿನದ ಉಳಿತಾಯ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಬ್ಯಾಂಕಿನ ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಈಗಲೂ ಸಹಕಾರಿ ಸಂಘಗಳ ಹೆಸರಿನಲ್ಲಿ ಬೀದಿ ಬೀದಿ ಸುತ್ತುತ್ತಿದೆ. ನನ್ನ ಮೊದಲ ಅಂದಾಜು ಸರಳ: ದಿನಕ್ಕೆ ₹30 ಪಿಗ್ಮಿಗೆ, ತಿಂಗಳಿಗೆ ₹900, ಕಂತಿಗೆ ಸರಿಹೊಂದಿತು. ಆದರೆ ಪಿಗ್ಮಿಯ ದುಡ್ಡನ್ನು ಅವಧಿಗೆ ಮೊದಲು ತೆಗೆದರೆ ಸಾಮಾನ್ಯವಾಗಿ ಕಡಿತ ಮಾಡುತ್ತಾರೆ. ಹಾಗಾಗಿ ಕೊನೆಗೆ ನಿಂತ ಕ್ರಮ ಬೇರೆ. ಕ್ಯೂಆರ್‌ಗೆ ಬಂದದ್ದು ಕಂತಿಗೆ, ಕೈಗೆ ಬಂದ ನೋಟು ನಾಳೆಯ ಸಾಮಾನಿಗೆ, ಪಿಗ್ಮಿ ಮಳೆಗಾಲಕ್ಕೆ. ಇದನ್ನು ಹೇಳಿಕೊಟ್ಟದ್ದು ನಾನಲ್ಲ, ಬಂದರಿನ ಒಬ್ಬ ಚರುಮುರಿಯವರು. ‘ಫೋನಿಗೆ ಬಂದ ದುಡ್ಡು ಕಣ್ಣಿಗೆ ಕಾಣುದಿಲ್ಲ ಸರ್, ಹಾಗೆ ಖರ್ಚು ಮಾಡ್ಲಿಕ್ಕೆ ಮನಸ್ಸಾಗುದಿಲ್ಲ’ ಎಂದರು. ನಾನು ಬ್ಯಾಂಕಿನಲ್ಲಿದ್ದಷ್ಟು ವರ್ಷ ಯಾವ ಸುತ್ತೋಲೆಯಲ್ಲೂ ಇಷ್ಟು ಒಳ್ಳೆಯ ಮಾತು ಓದಿದವನಲ್ಲ.

ಕ್ಯೂಆರ್‌ನಲ್ಲೂ ಒಂದು ತೊಡಕು. ಗಾಡಿ ತಾಯಿಯದ್ದು, ಅಂಟಿಸಿದ ಕ್ಯೂಆರ್ ಮಗನ ಹೆಸರಿನದ್ದು. ದುಡ್ಡು ಅವನ ಖಾತೆಗೆ, ಸಾಲ ಇವರ ಖಾತೆಯಲ್ಲಿ. ಬ್ಯಾಂಕಿನವರ ಕಣ್ಣಿಗೆ ಇವರ ವ್ಯಾಪಾರ ಸೊನ್ನೆ. ಡಿಜಿಟಲ್ ವಹಿವಾಟಿಗೆ ಯೋಜನೆ ಕೊಡುವ ಕ್ಯಾಶ್‌ಬ್ಯಾಕೂ ಇಲ್ಲ. ಹೊಸ ಗಾಡಿಗೆ ಹೋದರೆ ನಾವು ಮೊದಲು ಮಾಡುವುದು ಒಂದು ರೂಪಾಯಿ ಕಳಿಸಿ ಯಾರ ಹೆಸರು ಬರುತ್ತದೆ ಎಂದು ನೋಡುವುದು. ಹೆಸರು ಬದಲಿಸುವಾಗ ಕೆಲವು ಮನೆಗಳಲ್ಲಿ ಸಣ್ಣ ಮಟ್ಟಿನ ಜಗಳವೂ ಆಗಿದೆ. ಮಗನಿಗೆ ಪೆಟ್ರೋಲಿನ ದುಡ್ಡು ಅಲ್ಲಿಂದಲೇ ಹೋಗುತ್ತಿತ್ತು, ಪಾಪ.

2025ರ ಜುಲೈಯಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಹೋಯಿತಲ್ಲ, ಆಗ ಇಲ್ಲಿಯೂ ಕೆಲವರು ಕ್ಯೂಆರ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ತೂಗುಹಾಕಿದರು. ಕೂತು ಲೆಕ್ಕ ಹೇಳಬೇಕಾಯಿತು. ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆಗೆ ₹20 ಲಕ್ಷ ದಾಟಿದರೆ ನೋಂದಣಿಯ ಪ್ರಶ್ನೆ. ದಿನಕ್ಕೆ ₹3,000 ವ್ಯಾಪಾರ ಮಾಡಿ ವರ್ಷಕ್ಕೆ ಮುನ್ನೂರು ದಿನ ನಿಂತರೂ ₹9 ಲಕ್ಷ. ಹಸಿ ಮೀನು, ತರಕಾರಿ, ಹೂವಿಗೆ ಹೇಗೂ ತೆರಿಗೆ ಇಲ್ಲ. ಲೆಕ್ಕ ಕೇಳಿ ಮೀನಿನ ಅಕ್ಕ ಒಬ್ಬರು, ‘ನಲವತ್ತು ಲಕ್ಷ ಬಂದ್ರೆ ಟ್ಯಾಕ್ಸ್ ಕಟ್ವ ಮಾರಾಯ್ರೆ, ಮೊದ್ಲು ಬರ್ಲಿ’ ಎಂದು ನಕ್ಕರು.

ಕಾಗದದ ವಿಷಯಕ್ಕೆ ಬಂದರೆ ಬೆಂಗ್ರೆ ನಮಗೆ ದೊಡ್ಡ ಪಾಠಶಾಲೆ. ಒಂದು ಬದಿ ಫಲ್ಗುಣಿ ನದಿ, ಇನ್ನೊಂದು ಬದಿ ಕಡಲು, ಕಣ್ಣೆದುರೇ ಬಂದರು. ದೋಣಿಯಲ್ಲಿ ದಾಟಿದರೆ ಹತ್ತಿರ, ರಸ್ತೆಯಲ್ಲಿ ಬಂದರೆ ತಣ್ಣೀರುಬಾವಿ, ಪಣಂಬೂರು, ಕೂಳೂರು ಸುತ್ತಬೇಕು. ಅಲ್ಲಿಯ ಮೀನಿನವರು ನಸುಕಿಗೇ ಎದ್ದು ದಕ್ಕೆಯ ಏಲಂಗೆ ಬರುತ್ತಾರೆ, ಬ್ಯಾಂಕು ಬಾಗಿಲು ತೆರೆಯುವಾಗ ಬುಟ್ಟಿ ಹೊತ್ತು ಯಾವುದೋ ಬೀದಿಯಲ್ಲಿರುತ್ತಾರೆ, ಬ್ಯಾಂಕು ಮುಚ್ಚಿದ ಮೇಲೆ ಮನೆಗೆ ಮುಟ್ಟುತ್ತಾರೆ. ಅರ್ಜಿ ಹಾಕಲು ಕೂತರೆ ಒಟಿಪಿ ಬರುವುದಿಲ್ಲ, ಯಾಕೆಂದರೆ ಆಧಾರಿಗೆ ಜೋಡಿಸಿದ ನಂಬರು ಎಂದೋ ಬಿಟ್ಟ ಸಿಮ್ಮಿನದ್ದು. ಅದನ್ನು ಬದಲಿಸಲು ಅರ್ಧ ದಿನದ ದುಡಿಮೆ ಬಿಟ್ಟು ಆಧಾರ್ ಕೇಂದ್ರದಲ್ಲಿ ಸಾಲು ನಿಲ್ಲಬೇಕಿತ್ತು. ಅಂಚೆಯ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನೇ ಮನೆಗೆ ಬಂದು ನಂಬರು ಬದಲಿಸಬಹುದು ಎಂದು ಗೊತ್ತಾದ ಮೇಲೆ ಅರ್ಧ ತಲೆನೋವು ಇಳಿಯಿತು. ಸಂಜೆ ಹೊತ್ತು ಜಗಲಿಯಲ್ಲಿ ಚಾಪೆ ಹಾಕಿ, ಪೋಸ್ಟ್‌ಮ್ಯಾನ್ ಒಂದು ಕಡೆ, ನಾವು ಇನ್ನೊಂದು ಕಡೆ. ಮೀನು ಮುಟ್ಟಿ, ಉಪ್ಪುನೀರಿನಲ್ಲಿ ನೆನೆದು ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪುವುದಿಲ್ಲ. ಬಿಸಿನೀರಿನಲ್ಲಿ ಕೈ ತೊಳೆದು, ಸೀರೆಯ ಸೆರಗಿಗೆ ಒರೆಸಿ, ಎಣ್ಣೆ ತಾಗಿಸಿ ಒರೆಸಿ, ಹೆಬ್ಬೆರಳು ಆಗದಿದ್ದರೆ ಉಂಗುರ ಬೆರಳು. ಒಬ್ಬರದ್ದು ಆದ ಕೂಡಲೇ ಉಳಿದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

ಲೆಕ್ಕ ಬರೆಯುವುದನ್ನು ಕಲಿಸಲು ಹೋದಾಗ ಬೀಡಿ ಕಟ್ಟಿದ ಹೆಂಗಸರು ನನಗೇ ಕಲಿಸಿದರು. ಸಾವಿರ ಬೀಡಿಗೆ ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು, ಬೀಡಿ ಕೊಳ್ಳುವ ಬ್ರಾಂಚಿನಲ್ಲಿ ಎಷ್ಟು ಬೀಡಿ ವಾಪಸ್ ಹಾಕಿದರು ಎಂಬುದು ಅವರಿಗೆ ಬಾಯಿಪಾಠ. ‘ಅದೇ ಹಾಗೆ ನೂರು ಬನ್ಸಿನ ಲೆಕ್ಕ ಹೇಳಿ’ ಎಂದದ್ದೇ ತಡ, ಮೈದಾ, ಬಾಳೆಹಣ್ಣು, ಮೊಸರು, ಸಕ್ಕರೆ, ಎಣ್ಣೆ ಎಲ್ಲ ಸಾಲಾಗಿ ಬಂತು. ಬಾರದೆ ಉಳಿದದ್ದು ಗ್ಯಾಸು ಮತ್ತು ಸಂಜೆಗೆ ಉಳಿದ ಬನ್ಸು. ಗ್ಯಾಸು ಮನೆಯ ಸಿಲಿಂಡರಿನದ್ದೇ, ಉಳಿದದ್ದು ಮಕ್ಕಳು ತಿನ್ನುತ್ತಾರೆ, ಹಾಗಾಗಿ ಎರಡೂ ಪುಕ್ಕಟೆ ಎಂಬ ನಂಬಿಕೆ. ಅವೆರಡನ್ನೂ ಸೇರಿಸಿದಾಗ ₹8ಕ್ಕೆ ಕೊಡುತ್ತಿದ್ದ ಬನ್ಸಿನಲ್ಲಿ ಕೈಗೆ ಉಳಿಯುತ್ತಿದ್ದದ್ದು ಬಹಳ ಸಣ್ಣ ಮೊತ್ತ. ಹತ್ತು ರೂಪಾಯಿ ಮಾಡಿದರು. ಗಿರಾಕಿ ಬಿಟ್ಟು ಹೋಗಲಿಲ್ಲ, ಎರಡು ರೂಪಾಯಿ ಚಿಲ್ಲರೆ ಹುಡುಕುವ ರಗಳೆಯೂ ತಪ್ಪಿತು. ತಿಂಡಿಯವರಿಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸುವುದು ಈ ಹಂತದಲ್ಲಿ. ನಾವು ಮಾಡಿಸುತ್ತಿದ್ದಾಗ ಸಣ್ಣವರಿಗೆ ವರ್ಷಕ್ಕೆ ₹100 ಶುಲ್ಕ. ನಡುವಿನವರು ಇದಕ್ಕೆ ಕೇಳುತ್ತಿದ್ದ ದುಡ್ಡು ಹೇಳಿದರೆ ನೀವು ನಂಬಲಿಕ್ಕಿಲ್ಲ. ಸಣ್ಣ ಉದ್ಯಮ ಎಂದು ದಾಖಲಾಗುವ ಉದ್ಯಮ್ ನೋಂದಣಿಗಂತೂ ಶುಲ್ಕವೇ ಇಲ್ಲ.

ದಾನಿಗಳ ವಿಷಯ ಸ್ವಲ್ಪ ಹೇಳಲೇಬೇಕು. ಕಂಪನಿಗಳು ಸಮಾಜಕ್ಕೆಂದು ಇಡುವ ಸಿಎಸ್‌ಆರ್ ದುಡ್ಡು ಕೇಳಲು ಹೋದರೆ ಅವರಿಗೆ ಇಷ್ಟ ತಳ್ಳುಗಾಡಿ, ಹೊಲಿಗೆ ಯಂತ್ರ. ಗಾಡಿಯ ಮೇಲೆ ಹೆಸರು ಬರೆಯಬಹುದು, ಶಾಲು ಹಾಕಿ ಫೋಟೋ ತೆಗೆಯಬಹುದು. ಒಬ್ಬರ ಆಧಾರಿಗೆ ಸರಿಯಾದ ನಂಬರು ಜೋಡಿಸಿದ್ದಕ್ಕೆ ಎಂತ ಫೋಟೋ ತೆಗೆಯುವುದು? ಗಾಡಿ ಬೇಡ ಎಂದಲ್ಲ, ಆದರೆ ನಿಲ್ಲಲು ಜಾಗ ಗಟ್ಟಿಯಿಲ್ಲದವರಿಗೆ ಹೊಸ ಗಾಡಿ ಕೊಟ್ಟರೆ ತೆರವು ಕಾರ್ಯಾಚರಣೆಯ ದಿನ ಲಾರಿಗೆ ಏರುವುದು ಆ ಹೊಸ ಗಾಡಿಯೇ.

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟ ಉಂಟು. ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು. ತೆರವಿಗೆ ಮೊದಲು 30 ದಿನದ ನೋಟಿಸು. ಸಾಮಾನು ಎತ್ತಿಕೊಂಡು ಹೋದರೆ ಅದರ ಪಟ್ಟಿ ಬರೆದು ಕೊಡಬೇಕು. ಬಿಡಿಸಿಕೊಳ್ಳಲು ಹೋದಾಗ, ಹಾಳಾಗುವ ಸರಕಾದರೆ ಅದೇ ದಿನ, ಉಳಿದದ್ದಾದರೆ ಎರಡು ಕೆಲಸದ ದಿನಗಳೊಳಗೆ ವಾಪಸ್ ಕೊಡಬೇಕು. ಈ ಮೂರು-ನಾಲ್ಕು ಸಾಲನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ, ಲ್ಯಾಮಿನೇಶನ್ ಮಾಡಿ, ಗುರುತಿನ ಚೀಟಿಯ ಪ್ರತಿಯ ಜೊತೆ ಗಾಡಿಗೆ ಕಟ್ಟಿಸಿದೆವು. ಲಾರಿ ಬರುವುದು ನಿಂತಿತು ಎಂದಲ್ಲ. ಆದರೆ ‘ಪಟ್ಟಿ ಬರ್ದು ಕೊಡಿ’ ಎಂದು ಕೇಳುವ ಬಾಯಿ ಬಂತು, ಕೇಳಿದವರಿಗೆ ತಕ್ಕಡಿ, ಸ್ಟವ್ ಬೇಗ ವಾಪಸ್ ಸಿಕ್ಕಿತು.

ಎಲ್ಲರಿಗೂ ನಾವು ಸಾಲ ಮಾಡಿಸುವುದಿಲ್ಲ. ವಾರದ ಕಂತಿನ ಎರಡು ಮೂರು ಸಂಘಗಳಲ್ಲಿ ಈಗಾಗಲೇ ಸಿಕ್ಕಿಕೊಂಡವರಿಗೆ ಇನ್ನೊಂದು ಸಾಲ ಎಂದರೆ ಹಳೆಯ ಕಂತಿಗೆ ಹೊಸ ದುಡ್ಡು, ಅಷ್ಟೆ. 2022ರ ರಿಸರ್ವ್ ಬ್ಯಾಂಕಿನ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಆ ಮನೆಯ ಎಲ್ಲ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು, ಅವಧಿಗೆ ಮೊದಲು ತೀರಿಸಿದರೆ ದಂಡವೂ ಹಾಕಬಾರದು. ಅರ್ಧ ದಾಟಿದವರ ಜೊತೆ ಕೂತು ಯಾವ ಸಾಲವನ್ನು ಮೊದಲು ಮುಗಿಸಬೇಕು ಎಂದು ಕ್ರಮ ಬರೆಯುತ್ತೇವೆ, ಸ್ವನಿಧಿಗೆ ಮುಂದಿನ ಚೌತಿ ನೋಡುವ ಎನ್ನುತ್ತೇವೆ. ಕೆಲವರು ಸಿಟ್ಟಾಗಿ ಹೋಗಿ ಬೈಕಿನವನ ಹತ್ತಿರವೇ ತೆಗೆದುಕೊಂಡದ್ದೂ ಉಂಟು.

ಇನ್ನೂ ಬಗೆಹರಿಯದ ಒಂದು ಗಂಟು ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ಬಾಡಿಗೆ ರೂಮಿನಲ್ಲಿರುವವರದ್ದು. ಗದಗ, ಬಾಗಲಕೋಟೆ, ಕೊಪ್ಪಳದ ಆಧಾರ್, ವ್ಯಾಪಾರ ಇಲ್ಲಿ. ಯೋಜನೆ ನೋಡುವುದು ವ್ಯಾಪಾರ ಎಲ್ಲಿ ಎಂಬುದನ್ನು, ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಇದ್ದರೆ ಸಾಕು. ಆದರೆ ಕೌಂಟರಿನಲ್ಲಿ ‘ನಿಮ್ಮ ಊರಿನ ಶಾಖೆಗೆ ಹೋಗಿ’ ಎನ್ನುತ್ತಾರೆ. ಅಂಥ ಅರ್ಜಿಗಳನ್ನು ಈಗ ಬೇರೆಯೇ ಕಡತದಲ್ಲಿ ಇಟ್ಟಿದ್ದೇವೆ. ವ್ಯಾಪಾರದ ಜಾಗಕ್ಕೆ ಹತ್ತಿರದ ಶಾಖೆಗೆ ನಾನೇ ಜೊತೆಗೆ ಹೋಗಿ, ನಿಯಮದ ಪ್ರತಿ ಮೇಜಿನ ಮೇಲಿಟ್ಟು, ತಿರಸ್ಕರಿಸುವುದಾದರೆ ಕಾರಣ ಬರೆದು ಕೊಡಿ ಎಂದು ಕೇಳುವುದು. ಬರೆದು ಕೊಡಲು ಯಾರೂ ಒಪ್ಪುವುದಿಲ್ಲ, ಹಾಗಾಗಿ ಹೆಚ್ಚಿನ ಅರ್ಜಿ ಒಳಗೆ ಹೋಗುತ್ತದೆ. ನಾನು ಜೊತೆಗಿಲ್ಲದ ದಿನ ಹೋದವರನ್ನು ಮಾತ್ರ ಈಗಲೂ ಬಾಗಿಲಿನಿಂದಲೇ ಕಳಿಸುತ್ತಾರೆ.