ದೆವ್ವಕ್ಕಿಂತ ಮೊದಲು ಅಂಕಣದ ಲೆಕ್ಕ

ಹೆದರಿಕೆ ಹುಟ್ಟಿದ ಮೊದಲ ರಾತ್ರಿಯೇ ಈ ಜನ ಮನೆ ಬಿಟ್ಟು ಯಾಕೆ ಹೋಗಲಿಲ್ಲ? ದೆವ್ವದ ಮನೆಯ ಕಾದಂಬರಿಗೆ ಕೂತಾಗ ಮೊದಲು ಬರೆದುಕೊಂಡದ್ದು ಇದಕ್ಕೆ ಉತ್ತರ. ನನ್ನ ಊರು ಕಲ್ಪಿತ; ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯ ಹಿನ್ನೀರಿನ ದಂಡೆಗಿದೆ. ಆ ಹಿನ್ನೀರು ನಿಲ್ಲಿಸಿದ ಆಲಮಟ್ಟಿ ಅಣೆಕಟ್ಟಿನ ಪೂರ್ಣಮಟ್ಟ 519.60 ಮೀಟರ್. ಮನೆಯನ್ನು ಅದಕ್ಕಿಂತ ತುಸುವೇ ಮೇಲೆ ಇಟ್ಟೆ. ಹೊಲ ಮುಳುಗಿದೆ, ಮನೆ ಉಳಿದಿದೆ, ಮೂವರು ಅಣ್ಣತಮ್ಮಂದಿರ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಿಲ್ಲ. ಮೊದಲು ಹೊರಬಿದ್ದವನು ಪಾಲು ಬಿಟ್ಟಂತೆ ಎಂದು ಮೂವರೂ ನಂಬಿದ್ದಾರೆ.

ಆಮೇಲೆ ನಕ್ಷೆ. ಚೌಕದ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದಡಿ ಹಿಡಿದು ಐದಂಕಣದ ಮನೆ ಬರೆದೆ; ಕಂಬಸಾಲುಗಳ ನಡುವಿನ ಒಂದೊಂದು ಜಾಗ ಒಂದೊಂದು ಅಂಕಣ. ತಲಬಾಗಿಲು, ದನದ ಅಂಕಣ, ಮೇವು ಹಾಕುವ ಗ್ವಾದಲಿ, ಒಂದು ಮೆಟ್ಟಿಲು ಮೇಲೆ ಪಡಸಾಲಿ, ಒಳಗೆ ಅಡಗಿಮನಿ, ದೇವರಮನಿ. ಪ್ರತಿ ರಾತ್ರಿ ಯಾರು ಎಲ್ಲಿ ಮಲಗುತ್ತಾರೆಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ತಲಬಾಗಿಲಿಗೆ ಒಳಗಿನಿಂದ ಅಗಳಿ. ಬೆಳಗ್ಗೆ ಅದು ತೆರೆದಿದ್ದರೆ ತೆಗೆದದ್ದು ಒಳಗಿನವರೇ. ಅಂಥ ಒಂದು ಬಾಗಿಲು ಹತ್ತು ಚೀರಾಟಗಳಿಗೆ ಸಮ.

ಮೊದಲ ಕರಡಿನಲ್ಲಿ ಕೂಗು ಮನೆಯೆಲ್ಲ ಮಾರ್ದನಿಗೊಡುತ್ತಿತ್ತು. ಅದು ತಪ್ಪು. ಗೋಳಗುಮ್ಮಟದಲ್ಲಿ ಪಿಸುಮಾತು ಸುತ್ತಿ ಬರುವುದು ದುಂಡಗಿನ ಗಟ್ಟಿ ಗಚ್ಚಿನ ಗೋಡೆಯಿಂದ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಮನೆ ಸದ್ದನ್ನು ನುಂಗುತ್ತದೆ. ಹಾಗಾಗಿ ಸದ್ದಿಗೆ ಮಾಳಿಗೆಯ ಬೆಳಕಿಂಡಿಯೊಂದನ್ನೇ ದಾರಿ ಮಾಡಿದೆ. ಹಗಲು ಅದೇ ಕಿಂಡಿಯ ಬಿಸಿಲಚುಕ್ಕೆ ಪಡಸಾಲಿಯ ಪಡುಗಡೆಯಿಂದ ಮೂಡಗಡೆಗೆ ಸರಿಯುತ್ತದೆ. ಮಟಮಟ ಮಧ್ಯಾಹ್ನ ಆ ಚುಕ್ಕೆ ಅರೆಗಳಿಗೆ ಕಪ್ಪಾದರೆ ಸಾಕು, ಮಾಳಿಗೆ ಮೇಲೆ ಯಾರೋ ದಾಟಿದರು. ಓಣಿಯ ಮಾಳಿಗೆಗಳು ಒಂದಕ್ಕೊಂದು ಕೂಡಿರುವುದರಿಂದ ಅದು ನೆರೆಯವರೂ ಆಗಿರಬಹುದು.

ಒಟ್ಟು 24 ಅಧ್ಯಾಯ, ಒಂದೊಂದು ಸುಮಾರು 2,500 ಪದ. ಮೊದಲ ಎಂಟರಲ್ಲಿ ಕಾರಣ ಹೇಳಲಾಗದ್ದು ಒಂದೂ ಇಲ್ಲ. ನಾಲ್ಕನೆಯದರಲ್ಲೇ ದೆವ್ವದ ಮುಖ ಕಾಣಿಸಿದ್ದ ಕರಡನ್ನು ಪೂರ್ತಿ ತೆಗೆದುಹಾಕಬೇಕಾಯಿತು. ಕಂಡ ಮೇಲೆ ಹೆದರಿಕೆ ಏರಲು ಜಾಗವೇ ಉಳಿಯಲಿಲ್ಲ.

ಹೆದರಿಕೆಯನ್ನು ಮೆಲ್ಲಗೆ ಏರಿಸಲು ಹೆಚ್ಚು ಒದಗಿದ್ದು ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಮುಚ್ಚಿಟ್ಟ ಜೋಳ ಉಸಿರಾಡಿ ಆಮ್ಲಜನಕ ತೀರುತ್ತದೆ. ಗಾಳಿಗಿಂತ ಭಾರದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ತೆರೆದ ಕೂಡಲೇ ಇಳಿದವರು ಸತ್ತದ್ದುಂಟು. ಅದಕ್ಕೇ ಹಿರಿಯರು ಮೊದಲು ದೀಪ ಇಳಿಬಿಡುತ್ತಿದ್ದರು. ಆರನೆಯ ಅಧ್ಯಾಯದಲ್ಲಿ ಕಂದೀಲು ಒಳಗೆ ಹೋಗಿ ಆರುತ್ತದೆ, ಮನೆಯ ಅಜ್ಜ, ಮುತ್ಯಾ, ಕಾರಣ ಹೇಳುತ್ತಾನೆ, ಓದುಗರು ಸಮಾಧಾನಗೊಳ್ಳುತ್ತಾರೆ. ಹದಿನೇಳರಲ್ಲಿ ಅದೇ ಕಂದೀಲು ಅಂಗಳದ ಬಯಲುಗಾಳಿಯಲ್ಲಿ, ಗಾಜಿನೊಳಗೆ, ಹಾಗೆಯೇ ಮೆಲ್ಲಗೆ ಕುಗ್ಗಿ ಆರುತ್ತದೆ. ಈಗ ಮುತ್ಯಾ ಮಾತಾಡುವುದಿಲ್ಲ. ಮೊದಲಿನ ಕಾರಣ ನಿಜವಾಗಿದ್ದರಿಂದಲೇ ಎರಡನೆಯದು ಕಚ್ಚುತ್ತದೆ.

ಕಾಲವನ್ನು ಚಳಿಗಾಲದ ಎಳ್ಳಮಾಸಿಯಿಂದ (ಎಳ್ಳು ಅಮಾವಾಸ್ಯೆ) ಮುಂಗಾರಿನ ಕಾರಹುಣ್ಣಿಮೆಯವರೆಗೆ ಹಿಡಿದೆ. ಬೇಸಿಗೆಗೆ ಹಿನ್ನೀರು ಇಳಿಯುತ್ತದೆ; ಅಧ್ಯಾಯದಿಂದ ಅಧ್ಯಾಯಕ್ಕೆ ಮುಳುಗಿದ ಕಣ, ಬಾವಿ, ಹಳೆಯ ಹೊಸ್ತಿಲು ಹೊರಬರುತ್ತವೆ. ಮೊದಲ ದೃಶ್ಯದಲ್ಲಿ ಹೊಲವಿಲ್ಲದ ಮನೆಯವರು ಎಳ್ಳಮಾಸಿಗೆ ಹೊಲಕ್ಕೆ ಚೆಲ್ಲುವ ಎಡೆಯಾದ ಚರಗವನ್ನು ನೀರಿಗೆ ಚೆಲ್ಲಿ ಕೂಗುತ್ತಾರೆ, ಓ ಎಂಬ ದನಿ ನೀರಿನ ಕಡೆಯಿಂದ ಬರುತ್ತದೆ. ಪ್ರತಿ ಅಧ್ಯಾಯದ ತಲೆಗೆ ತಿಥಿ ಬರೆದುಕೊಳ್ಳುವುದು ಕಡ್ಡಾಯ. ಬಹುಳ ಅಷ್ಟಮಿಗೆ ಚಂದ್ರ ಮೂಡುವುದು ನಡುರಾತ್ರಿಯ ಹೊತ್ತಿಗೆ. ಅಂದು ಒಂಬತ್ತಕ್ಕೆ ಬೆಳದಿಂಗಳು ಬರೆದರೆ ಹಳ್ಳಿಯ ಓದುಗರು ಪುಸ್ತಕ ಮುಚ್ಚುತ್ತಾರೆ.

ನಿರೂಪಣೆ ಬರಹದ ಕನ್ನಡದಲ್ಲಿ, ಮಾತು ಊರಿನದರಲ್ಲಿ. ದೆವ್ವಕ್ಕೆ ಒಂದೇ ಮಾತು ಕೊಟ್ಟೆ. ಸತ್ತ ಅತ್ತಿ ಹಿರಿಸೊಸೆಯನ್ನು ‘ತಂಗೆವ್ವಾ’ ಎನ್ನುತ್ತಿದ್ದಳು, ಮನೆಯಲ್ಲಿ ಬೇರೆ ಯಾರೂ ಹಾಗೆ ಕರೆಯುವುದಿಲ್ಲ. ರಾತ್ರಿ ಮೂರು ಸಲ ಕರೆಯುವ ತನಕ ಓಗೊಡಬಾರದೆಂದು ಸೊಸೆಗೆ ಗೊತ್ತು. ಹೊರಗಿನಿಂದ ಎರಡೇ ಸಲ ಬರುತ್ತದೆ:

“ತಂಗೆವ್ವಾ... ತಂಗೆವ್ವಾ, ಅಗಳಿ ತಗಿ.”